ಅಗ್ಗದ ಲ್ಯಾಪ್‌ಟಾಪ್: ಬೆಲೆ ಎಷ್ಟು, ವೆಚ್ಚ ಎಷ್ಟು?

ನಮ್ಮ ಕಚೇರಿಗೆ ಬರುವ ವರ್ತಕ ಬಂಧುಗಳು ತೆರಿಗೆಯ ಮಾತು ಮುಗಿಸಿ, ಎದ್ದು ಹೊರಡುವ ಮುನ್ನ ಬಾಗಿಲ ಬಳಿ ನಿಂತು ಒಂದು ಪ್ರಶ್ನೆ ಕೇಳುವುದು ಇತ್ತೀಚೆಗೆ ವಾಡಿಕೆಯಾಗಿದೆ. "ಸಾಹೇಬ್ರ, ಲೆಕ್ಕ ಬರೀಲಿಕ್ಕೆ ಒಂದು ಲ್ಯಾಪ್‌ಟಾಪ್ ತಗೋಬೇಕ್ರೀ. ಇಪ್ಪತ್ತೈದು ಸಾವಿರದಾಗ ಬರ್ತದಂತ. ನಡೀತದಲ್ರೀ?"

ಈ ಪ್ರಶ್ನೆ ಹೆಚ್ಚಾಗಲು ಕಾರಣವಿದೆ. ಅನೇಕರ ಅಂಗಡಿ, ಮಿಲ್ಲುಗಳಲ್ಲಿರುವ ಹಳೆಯ ಗಣಕಯಂತ್ರಗಳು ವಿಂಡೋಸ್ 10ರ ಮೇಲೆ ನಡೆಯುತ್ತಿದ್ದು, ಆ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಬೇಕೆಂದರೆ ಹಳೆಯ ಯಂತ್ರ ಒಪ್ಪುವುದಿಲ್ಲ. ಆದ್ದರಿಂದ ಖರೀದಿ ಅನಿವಾರ್ಯ. ಆದರೆ "ನಡೀತದಲ್ರೀ?" ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಯಾರಿಗೆ, ಯಾವ ಕೆಲಸಕ್ಕೆ, ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಮೊದಲು ತಿಳಿಯಬೇಕು.

ಒಂದು ನಿದರ್ಶನದಿಂದ ಆರಂಭಿಸುತ್ತೇನೆ. ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನಮ್ಮ ಕಕ್ಷಿದಾರರೊಬ್ಬರು ಒಂಬತ್ತು ಸಾವಿರ ರೂಪಾಯಿ ಉಳಿಯಿತೆಂಬ ಸಂತೋಷದಲ್ಲಿ ಅಗ್ಗದ ಲ್ಯಾಪ್‌ಟಾಪ್ ಒಂದನ್ನು ತಂದರು. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ. ಮೊದಲ ಆರು ತಿಂಗಳು ಯಾವ ದೂರೂ ಇರಲಿಲ್ಲ. ಏಳನೆಯ ತಿಂಗಳ 20ನೇ ತಾರೀಖಿನಂದು ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ಅದೇ ದಿನ ಮಧ್ಯಾಹ್ನ ಗೇಟಿನಲ್ಲಿ ಸರಕು ತುಂಬಿದ ಲಾರಿ ಹೈದರಾಬಾದಿಗೆ ಹೊರಡಲು ಸಿದ್ಧವಾಗಿ ನಿಂತಿತ್ತು. ವಿಂಡೋಸಿನ ಪರಿಷ್ಕರಣೆ ತಾನಾಗಿ ಆರಂಭಗೊಂಡು, ಸಂಗ್ರಹದಲ್ಲಿ ಜಾಗವಿಲ್ಲದೆ ಅರ್ಧಕ್ಕೆ ನಿಂತಿತು. ಯಂತ್ರ ಮತ್ತೆ ಮತ್ತೆ ತೆರೆದು ಮುಚ್ಚತೊಡಗಿತು. ಅವರ ವಹಿವಾಟು ಐದು ಕೋಟಿ ರೂಪಾಯಿಯನ್ನು ದಾಟಿರುವುದರಿಂದ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಬಿಲ್ಲು ಹುಟ್ಟದೆ ಲಾರಿ ಹೊರಡುವಂತಿಲ್ಲ. ಆ ದಿನ ಲಾರಿ ಹೊರಟಾಗ ರಾತ್ರಿಯಾಗಿತ್ತು, ರಿಟರ್ನು ಸಲ್ಲಿಕೆಯಾದದ್ದು ಮರುದಿನ. ತಡವಾದುದಕ್ಕೆ ದಿನಕ್ಕೆ 50 ರೂಪಾಯಿ ಶುಲ್ಕ ದೊಡ್ಡದಲ್ಲ. ನಗದಾಗಿ ಕಟ್ಟಬೇಕಾದ ತೆರಿಗೆಗೆ ವಾರ್ಷಿಕ ಶೇಕಡಾ 18ರ ಬಡ್ಡಿಯೂ ಒಂದು ದಿನಕ್ಕೆ ಹೆಚ್ಚಲ್ಲ. ಆದರೆ ಲಾರಿ ಮಾಲೀಕನ ಮಾತು, ಹೈದರಾಬಾದಿನ ಖರೀದಿದಾರನ ಮಾತು ಇವುಗಳಿಗೆ ಬೆಲೆ ಕಟ್ಟುವ ಕಾಲಂ ನಮ್ಮ ಖಾತಾವಹಿಯಲ್ಲಿ ಇಲ್ಲ.

ಇದರಿಂದ "ಅಗ್ಗದ ಯಂತ್ರ ಕೆಟ್ಟದ್ದು" ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಅಗ್ಗದ ಯಂತ್ರವೆಂದರೆ ತಯಾರಕನು ಎಲ್ಲೋ ಒಂದು ಕಡೆ ಕಡಿತ ಮಾಡಿದ್ದಾನೆ ಎಂದಷ್ಟೇ ಅರ್ಥ. ಆ ಕಡಿತ ನಮ್ಮ ಕೆಲಸದ ದಾರಿಯಲ್ಲಿ ಅಡ್ಡ ಬರುತ್ತದೆಯೇ, ಇಲ್ಲವೇ ಎಂಬುದೇ ಪ್ರಶ್ನೆ.

ಸಿಂಪ್ಯೂಟರ್ ನೆನಪು

ಕಡಿಮೆ ಬೆಲೆಯ ಗಣಕಯಂತ್ರದ ಕನಸು ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಕೂಡಿ ರೂಪಿಸಿದ ಅಂಗೈ ಗಾತ್ರದ ಸಿಂಪ್ಯೂಟರ್ 2000ದ ದಶಕದ ಆರಂಭದಲ್ಲಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಸುಮಾರು ಒಂಬತ್ತು ಸಾವಿರ ರೂಪಾಯಿಗೆ, ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಮಾತನಾಡಬಲ್ಲ ಯಂತ್ರ ಎಂಬುದು ಅದರ ಆಶಯ. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ತಾಂತ್ರಿಕವಾಗಿ ಅದು ಸಾಧನೆಯೇ ಸರಿ. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟು ಹೊತ್ತಿಗೆ ಮೇಜಿನ ಗಣಕಯಂತ್ರಗಳ ಬೆಲೆ ಇಳಿಯುತ್ತಿತ್ತು, ಮೊಬೈಲ್ ಫೋನುಗಳು ಕೈಗೆ ಬರುತ್ತಿದ್ದವು. ಇನ್ನು ಅಂಗಡಿಕಾರನಿಗೆ ಬೇಕಾದ ಲೆಕ್ಕದ ತಂತ್ರಾಂಶ ಅದರ ಮೇಲೆ ನಡೆಯುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ನಂತರವೂ ಇದೇ ಮಾತು ಅನ್ವಯಿಸುತ್ತದೆ. 2023ರ ಜುಲೈನಲ್ಲಿ 16,499 ರೂಪಾಯಿಗೆ ಪ್ರಕಟವಾದ ಜಿಯೋಬುಕ್ ತೂಕದಲ್ಲಿ ಒಂದು ಕಿಲೋಗಿಂತ ಕಡಿಮೆ, ನೋಡಲು ಚೆಂದ, ವಿದ್ಯಾರ್ಥಿಗೆ ಸಾಕು. ಆದರೆ ಅದು ನಡೆಯುವುದು ತನ್ನದೇ ಕಾರ್ಯಾಚರಣ ವ್ಯವಸ್ಥೆಯ ಮೇಲೆ, ವಿಂಡೋಸ್ ಮೇಲಲ್ಲ. ಕ್ರೋಮ್‌ಬುಕ್‌ಗಳದೂ ಇದೇ ಕಥೆ. ವಿಂಡೋಸಿಗೆಂದು ಬರೆದ ಟ್ಯಾಲಿಯನ್ನು ಅವುಗಳಲ್ಲಿ ನೇರವಾಗಿ ಸ್ಥಾಪಿಸಲಾಗದು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಇಲಾಖೆಗೆ ಕನ್ನಡ ಪತ್ರ ಬರೆಯುವ ಅಭ್ಯಾಸವಿದ್ದವರಿಗೂ ತೊಡಕು. ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗಂತೂ ಅದು ಬೇಡವೇ ಬೇಡ.

ಡಬ್ಬಿಯ ಮೇಲಿನ ಹೆಸರು, ಒಳಗಿನ ಮಾಲು

ಮಾದರಿಯನ್ನು ಅಂಗೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಚ್ಚಿ ನೋಡದೆ ತೊಗರಿಗೆ ದರ ಹೇಳದ ನಮ್ಮ ಅಡತ ವರ್ತಕರು, ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ ಚೀಟಿಯ ಮೇಲಿನ ಹೆಸರನ್ನು ನಂಬಿ ಹಣ ಎಣಿಸುತ್ತಾರೆ. ಈ ವಿಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಮೊದಲನೆಯದು ಪ್ರೊಸೆಸರ್. "ಐ3 ಇದೆ" ಎಂದು ಮಾರಾಟಗಾರ ಹೇಳಿದರೆ ಸಾಲದು. ಇಂಟೆಲ್ ಕೋರ್ ಐ3-1215ಯು ಎಂಬುದರಲ್ಲಿ ವೇಗದ ಎರಡು ಹಾಗೂ ಮಿತವ್ಯಯದ ನಾಲ್ಕು, ಒಟ್ಟು ಆರು ಕೋರುಗಳಿವೆ. ಐ3-ಎನ್305 ಎಂಬುದರಲ್ಲಿ ಎಂಟು ಕೋರುಗಳಿದ್ದರೂ ಎಲ್ಲವೂ ಮಿತವ್ಯಯದವು. ಎರಡರ ಹೆಸರಿನಲ್ಲೂ ಐ3 ಇದೆ, ಆದರೆ ಒಂದೇ ಒಂದು ಕೆಲಸವನ್ನು ಥಟ್ಟನೆ ಮಾಡಿ ಮುಗಿಸುವುದರಲ್ಲಿ ಮೊದಲನೆಯದೇ ಮುಂದು. ಕೋರುಗಳ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಯಂತ್ರ ಚುರುಕಲ್ಲ. ಎಂಟು ಜನ ಹಮಾಲರು ಸೇರಿದರೂ ಒಂದು ಕಿರ್ದಿಯನ್ನು ಒಬ್ಬ ನುರಿತ ಗುಮಾಸ್ತನಷ್ಟು ಬೇಗ ಬರೆಯಲಾರರು. 2023ರ ಆರಂಭದಲ್ಲಿ ಬಂದ ಎನ್100ರಲ್ಲಿ ಇಂತಹ ಮಿತವ್ಯಯದ ನಾಲ್ಕು ಕೋರುಗಳಿವೆ. ಹಳೆಯ ಸೆಲೆರಾನ್‌ಗಿಂತ ಅದು ಎಷ್ಟೋ ಮೇಲು, ಲಘು ಕೆಲಸಕ್ಕೆ ಆದೀತು.

ಎಎಂಡಿ ಸಂಸ್ಥೆಯ ಹೆಸರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೈಜನ್ 5 7520ಯು ಎಂಬ ಹೆಸರನ್ನು ನೋಡಿದವರು 7000 ಸರಣಿ, ಹೊಚ್ಚ ಹೊಸದು ಎಂದುಕೊಳ್ಳುವುದು ಸಹಜ. ಆ ಸರಣಿಯಲ್ಲಿ ಮೊದಲ ಅಂಕಿ ಬಿಡುಗಡೆಯ ವರ್ಷವನ್ನು ಸೂಚಿಸುತ್ತದೆ. ಒಳಗಿನ ವಿನ್ಯಾಸ ಯಾವ ಕಾಲದ್ದು ಎಂಬುದನ್ನು ಹೇಳುವುದು ಮೂರನೆಯ ಅಂಕಿ. ಇಲ್ಲಿ ಅದು 2. ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ. ಇದರಲ್ಲಿ ಮೋಸವೇನೂ ಇಲ್ಲ, ಸಂಸ್ಥೆಯೇ ಈ ಸಂಖ್ಯಾಕ್ರಮವನ್ನು ಪ್ರಕಟಿಸಿದೆ. ಬೆಲೆ ಅದಕ್ಕೆ ತಕ್ಕಂತಿದ್ದರೆ ಕೊಳ್ಳಬಹುದು, ಹೊಸದೆಂಬ ಭ್ರಮೆಯಲ್ಲಿ ಹೆಚ್ಚು ಕೊಡಬಾರದು.

ಎರಡನೆಯದು ಸಂಗ್ರಹ. ನನ್ನ ಅನುಭವದಲ್ಲಿ ಅಗ್ಗದ ಯಂತ್ರಗಳ ಮುಕ್ಕಾಲು ಪಾಲು ತಾಪತ್ರಯ ಇರುವುದು ಇಲ್ಲಿಯೇ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಒಂದು ಸೆಕೆಂಡಿಗೆ ಓದುವುದು ಸುಮಾರು 100ರಿಂದ 150 ಎಂಬಿ. ಇಎಂಎಂಸಿ ಎಂಬುದು ಮೊಬೈಲ್ ಫೋನಿನ ಜಾತಿಯ ಸಂಗ್ರಹ, ವೇಗ 250-300ರ ಆಸುಪಾಸು. ಸಾಟಾ ಮಾದರಿಯ ಎಸ್‌ಎಸ್‌ಡಿ ಸುಮಾರು 500ಕ್ಕೂ ಮಿಕ್ಕಿ, ಎನ್‌ವಿಎಂಇ ಮಾದರಿಯದು ಅದರ ಹಲವು ಪಟ್ಟು. ವೇಗಕ್ಕಿಂತಲೂ ಗಮನಿಸಬೇಕಾದದ್ದು ಇನ್ನೊಂದಿದೆ: ಇಎಂಎಂಸಿ ಮುಖ್ಯ ಫಲಕಕ್ಕೆ ಬೆಸೆದುಕೊಂಡಿರುತ್ತದೆ. ಕೆಟ್ಟರೆ ಬದಲಿಸಲು ಬಾರದು, ತುಂಬಿದರೆ ಹಿಗ್ಗಿಸಲು ಬಾರದು. 64 ಜಿಬಿಯಲ್ಲಿ ವಿಂಡೋಸ್ ತಾನೇ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದು ಕುಳಿತರೆ, ಪರಿಷ್ಕರಣೆಗೆ ಉಳಿಯುವುದೆಷ್ಟು? ಕಡೇಚೂರಿನ ಆ ಘಟಕದಲ್ಲಿ ನಡೆದದ್ದು ಇದೇ.

ಮೂರನೆಯದು ರ‍್ಯಾಮ್. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅದು ಯಂತ್ರ ತೆರೆದುಕೊಳ್ಳಲು ಬೇಕಾದ ಕನಿಷ್ಠ, ಕೆಲಸ ಮಾಡಲು ಬೇಕಾದ ಕನಿಷ್ಠವಲ್ಲ. ಟ್ಯಾಲಿ ಸ್ವತಃ ಹಗುರವಾದ ತಂತ್ರಾಂಶ. ಯಂತ್ರವನ್ನು ದಣಿಸುವುದು ಬ್ರೌಸರ್. ಜಿಎಸ್‌ಟಿ ಪೋರ್ಟಲ್ ಒಂದು ಕಿಟಕಿ, ಇ-ವೇ ಬಿಲ್ ಒಂದು, ಬ್ಯಾಂಕಿನದೊಂದು, ವಾಟ್ಸ್‌ಆ್ಯಪ್ ಇನ್ನೊಂದು, ಅದರ ಮೇಲೆ ಎಕ್ಸೆಲ್ ಹಾಳೆ. ಇಷ್ಟಕ್ಕೆ 8 ಜಿಬಿ ಬೇಕು. "ಈಗ 4 ಇರಲಿ, ಆಮೇಲೆ ಹಾಕಿಸಿದರಾಯಿತು" ಎಂಬ ಲೆಕ್ಕಾಚಾರಕ್ಕೆ ಎರಡು ಅಡ್ಡಿಗಳಿವೆ. ಅನೇಕ ತೆಳು ಯಂತ್ರಗಳಲ್ಲಿ ರ‍್ಯಾಮ್ ಬೆಸೆದುಕೊಂಡೇ ಬರುತ್ತದೆ, ಸೇರಿಸಲು ಖಾಲಿ ಸ್ಥಳವೇ ಇರುವುದಿಲ್ಲ. ಎರಡನೆಯದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮಿನ ಬೆಲೆ ತೀವ್ರವಾಗಿ ಏರಿತು, ಆಮೇಲೆ ಹಾಕಿಸುವುದು ಅಗ್ಗವಾಗುತ್ತದೆ ಎಂಬ ಹಳೆಯ ನಂಬಿಕೆ ಸುಳ್ಳಾಯಿತು. "ಖಾಲಿ ಸ್ಲಾಟ್ ಇದೆಯೇ?" ಎಂದು ಕೇಳಿ, ಉತ್ತರವನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ಒಳಿತು.

ಪರದೆಯ ಬಣ್ಣ ಪೇಲವವಾಗಿದ್ದರೆ ಚಿಂತೆಯಿಲ್ಲ, ಅಂಕಿಗಳಿಗೆ ಬಣ್ಣ ಬೇಕಿಲ್ಲ. ಆದರೆ 1366 ಗುಣಿಸು 768ರ ಹಳೆಯ ಪರದೆಯಲ್ಲಿ ಎಕ್ಸೆಲ್ ಹಾಳೆಯ ಕಾಲಂಗಳು ಮುಗಿಯುವುದೇ ಇಲ್ಲ. 1920 ಗುಣಿಸು 1080 ಇರಲಿ. ಲೋಹದ ಕವಚ, ಬೆರಳ ಗುರುತಿನ ಬೀಗ, ಒಳ್ಳೆಯ ಕ್ಯಾಮೆರಾ, ತೆಳುವಾದ ಮೈಕಟ್ಟು ಇವುಗಳೆಲ್ಲ ಕಡಿತಕ್ಕೆ ಯೋಗ್ಯ. ಗದ್ದಿಯ ಮೇಲೆ ಕೂರುವ ಯಂತ್ರ ತೆಳ್ಳಗಿದ್ದರೇನು, ದಪ್ಪಗಿದ್ದರೇನು?

ನಮ್ಮ ಬಿಸಿಲು, ನಮ್ಮ ಧೂಳು

ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ ಪರೀಕ್ಷಿಸಿ ಬರೆದ ವಿಮರ್ಶೆಗಳು ಯಾದಗಿರಿ, ಶಹಾಪುರ, ಸುರಪುರಗಳಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ಬಹುತೇಕ ತಯಾರಕರು ಲ್ಯಾಪ್‌ಟಾಪ್ ಬಳಕೆಗೆ ಸೂಚಿಸುವ ಸುತ್ತಲಿನ ಉಷ್ಣತೆಯ ಮಿತಿ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳುಗಳಲ್ಲಿ ತಗಡಿನ ಶೆಡ್ಡಿನೊಳಗೆ ಕುಳಿತವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಳಗೆ ಕಾವೇರಿದಾಗ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಚುರುಕಾಗಿದ್ದ ಯಂತ್ರ ಬೇಸಿಗೆಯಲ್ಲಿ ಮಂದವಾಯಿತು ಎಂಬ ದೂರಿಗೆ ಇದೇ ಕಾರಣವಿರಬಹುದು.

ಬೇಳೆ ಮಿಲ್ಲಿನ ಹೊಟ್ಟು, ಹತ್ತಿ ಜಿನ್ನಿಂಗಿನ ಎಳೆಗಳು ಲ್ಯಾಪ್‌ಟಾಪಿನ ಫ್ಯಾನನ್ನು ಸೇರಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ಇಲ್ಲೊಂದು ವಿಚಿತ್ರ ಲಾಭವಿದೆ. ಎನ್100ರಂತಹ ಮಿತವ್ಯಯದ ಪ್ರೊಸೆಸರುಳ್ಳ ಕೆಲವು ಯಂತ್ರಗಳಿಗೆ ಫ್ಯಾನೇ ಇರುವುದಿಲ್ಲ. ಮಿಲ್ಲಿನ ತೂಕದ ಮನೆಯಲ್ಲಿ ಬರೀ ತೂಕದ ಚೀಟಿ ಮತ್ತು ಗೇಟ್ ಪಾಸ್ ಬರೆಯಲು ನಾನು ಇಂತಹದನ್ನೇ ಸೂಚಿಸುತ್ತೇನೆ. ಇಲ್ಲಿ ಅಗ್ಗದ ಯಂತ್ರದ ಕಡಿತವೇ ಗುಣವಾಗಿ ಪರಿಣಮಿಸುತ್ತದೆ. ಫ್ಯಾನ್ ಇರುವ ಯಂತ್ರವಾದರೆ ಆರು ತಿಂಗಳಿಗೊಮ್ಮೆ ಬಿಚ್ಚಿಸಿ ಧೂಳು ತೆಗೆಸಬೇಕು.

ಲ್ಯಾಪ್‌ಟಾಪೇ ಬೇಕೆ ಎಂಬುದನ್ನೂ ಯೋಚಿಸಬೇಕು. ಅದೇ ಹಣಕ್ಕೆ ಮೇಜಿನ ಗಣಕಯಂತ್ರ ಹೆಚ್ಚು ಸಾಮರ್ಥ್ಯ ಕೊಡುತ್ತದೆ, ದುರಸ್ತಿಯೂ ಸುಲಭ. ಆದರೆ ಕರೆಂಟ್ ಹೋದಾಗ ಅದಕ್ಕೆ ಯುಪಿಎಸ್ ಬೇಕು. ಲ್ಯಾಪ್‌ಟಾಪಿಗೆ ತನ್ನ ಬ್ಯಾಟರಿಯೇ ಯುಪಿಎಸ್. ಬಿಲ್ಲು ಬರೆಯುವಾಗ ನಡುವೆ ಕರೆಂಟ್ ಹೋಗಿ ಟ್ಯಾಲಿಯ ದತ್ತಾಂಶ ಕೆಟ್ಟ ಪ್ರಸಂಗಗಳನ್ನು ಕಂಡಿರುವ ನನಗೆ ಈ ಒಂದು ಕಾರಣವೇ ಸಾಕೆನಿಸುತ್ತದೆ.

ಲೆಕ್ಕ ಹಾಕಿ ನೋಡೋಣ

ಈಗ ನನ್ನ ವೃತ್ತಿಯ ಭಾಗ. ಅಂಕಿಗಳು ಉದಾಹರಣೆಗೆ ಮಾತ್ರ. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು.

ಮೊದಲ ಯಂತ್ರದ ಬೆಲೆ 25,000 ರೂಪಾಯಿ, ಶೇಕಡಾ 18ರ ಜಿಎಸ್‌ಟಿ ಸೇರಿ 29,500. ಎರಡನೆಯದು 40,000, ತೆರಿಗೆ ಸೇರಿ 47,200. ನೋಂದಾಯಿತ ವರ್ತಕರು ತೆರಿಗೆ ವಿಧಿಸಬಹುದಾದ ವ್ಯವಹಾರಕ್ಕೆ ಕೊಂಡಿದ್ದರೆ ತೆರಿಗೆಯ ಭಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಮರಳುತ್ತದೆ. ಅವರಿಗೆ ನಿಜವಾದ ವ್ಯತ್ಯಾಸ 15,000. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ, ಅವರಿಗೆ ವ್ಯತ್ಯಾಸ 17,700.

ಲೆಕ್ಕ ಬರೆಯುವವನ ಸಂಬಳ ತಿಂಗಳಿಗೆ 15,000 ಎಂದು ಹಿಡಿಯೋಣ. 26 ದಿನ, ದಿನಕ್ಕೆ 8 ಗಂಟೆ ಎಂದರೆ 208 ಗಂಟೆ; ಗಂಟೆಗೆ ಸುಮಾರು 72 ರೂಪಾಯಿ. ನಿಧಾನದ ಯಂತ್ರ ದಿನಕ್ಕೆ 20 ನಿಮಿಷ ತಿಂದರೆ 300 ದಿನಕ್ಕೆ 100 ಗಂಟೆ, ಅಂದರೆ ವರ್ಷಕ್ಕೆ 7,200 ರೂಪಾಯಿ. ಹದಿನೈದು ಸಾವಿರದ ವ್ಯತ್ಯಾಸ ಎರಡು ವರ್ಷ ಒಂದು ತಿಂಗಳಲ್ಲಿ ತೀರಿತು. ಇದರ ಮೇಲೆ ಬಾಳಿಕೆ. ಮೊದಲನೆಯದು ಎರಡು ವರ್ಷ, ಎರಡನೆಯದು ಐದು ವರ್ಷ ಬಾಳಿದರೆ, ವರ್ಷಕ್ಕೆ ಬೀಳುವ ವೆಚ್ಚ ಕ್ರಮವಾಗಿ 12,500 ಮತ್ತು 8,000.

ಇದೇ ಲೆಕ್ಕವನ್ನು ತಿಂಗಳಿಗೆ ಮೂರು ದಿನ ಮಾತ್ರ ಯಂತ್ರ ತೆರೆಯುವ ಕಾಂಪೋಸಿಷನ್ ಪದ್ಧತಿಯ ಕಿರಾಣಿ ವರ್ತಕರಿಗೆ ಹಾಕಿದರೆ ಉತ್ತರ ಬೇರೆಯೇ ಬರುತ್ತದೆ. ವರ್ಷಕ್ಕೆ 36 ದಿನ, 12 ಗಂಟೆ, 864 ರೂಪಾಯಿ. 17,700ರ ವ್ಯತ್ಯಾಸ ತೀರಲು ಇಪ್ಪತ್ತು ವರ್ಷ ಬೇಕು. ಯಾವ ಲ್ಯಾಪ್‌ಟಾಪೂ ಅಷ್ಟು ಕಾಲ ಬಾಳದು. ಅವರಿಗೆ ಇಪ್ಪತ್ತೈದು ಸಾವಿರದ್ದೇ ಸರಿಯಾದ ಖರೀದಿ, ಇಎಂಎಂಸಿ ಬದಲು ಎಸ್‌ಎಸ್‌ಡಿ ಇರುವುದನ್ನು ಆರಿಸಿಕೊಂಡರಾಯಿತು.

"ದುಬಾರಿಯದನ್ನು ಕೊಂಡರೆ ತೆರಿಗೆ ಉಳಿಯುತ್ತದಲ್ಲ" ಎಂಬ ಮಾತನ್ನೂ ಕೇಳುತ್ತೇನೆ. ಗಣಕಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ಸವಕಳಿ ದರ ಮೊದಲು ಶೇಕಡಾ 60 ಇದ್ದು, 2017-18ನೇ ಆರ್ಥಿಕ ವರ್ಷದಿಂದ 40ಕ್ಕೆ ಇಳಿಯಿತು. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಮಾರ್ಚ್ ಕೊನೆಯ ವಾರ ಬಿಲ್ಲು ಮಾಡಿಸಿ ಡಬ್ಬಿಯನ್ನು ಹಾಗೆಯೇ ಇಟ್ಟರೆ ಆ ಅರ್ಧವೂ ಸಿಗದು. ಯಂತ್ರ ಬಳಕೆಗೆ ಬಂದಿರಬೇಕು. ತೆರಿಗೆಯ ಕ್ರೆಡಿಟ್ ಪಡೆದಿದ್ದರೆ ಜಿಎಸ್‌ಟಿಯ ಭಾಗಕ್ಕೆ ಮತ್ತೆ ಸವಕಳಿ ಹಾಕುವಂತಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನು ಸಲ್ಲಿಸುವ ಸಣ್ಣ ವರ್ತಕರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ, ಅದು ಅಂದಾಜಿನಲ್ಲೇ ಸೇರಿದೆ. ಅಂಥವರಿಗೆ ದುಬಾರಿ ಯಂತ್ರದಿಂದ ತೆರಿಗೆಯ ಲಾಭ ಸೊನ್ನೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ನಗದು ಪಾವತಿಯಲ್ಲಿ. ಸ್ಥಿರಾಸ್ತಿಯ ಖರೀದಿಗೆ ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಯಲ್ಲಿ ಸೇರುವುದಿಲ್ಲ. 2017-18ರಿಂದ ಇರುವ ನಿಬಂಧನೆ ಇದು. ಮೂವತ್ತು ಸಾವಿರದ ಯಂತ್ರವನ್ನು ನೋಟು ಎಣಿಸಿ ತಂದವರಿಗೆ ಒಂದು ರೂಪಾಯಿ ಸವಕಳಿಯೂ ಇಲ್ಲ. ಐನೂರು ರೂಪಾಯಿ ರಿಯಾಯಿತಿಗಾಗಿ ನಗದು ಕೊಡುವ ಮುನ್ನ ಇದನ್ನು ನೆನಪಿಡಬೇಕು.

ಹಳೆಯದು ಕೊಳ್ಳಬಹುದೇ?

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಿಂದ ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ತರಿಸುವವರಿದ್ದಾರೆ. ಇದು ಕೆಟ್ಟ ದಾರಿಯೇನಲ್ಲ. ಕಚೇರಿ ಬಳಕೆಗೆಂದು ತಯಾರಾದ ಯಂತ್ರಗಳ ಕೀಲಿಮಣೆ, ಕೀಲುಗಳು ಗಟ್ಟಿ. ರ‍್ಯಾಮ್, ಸಂಗ್ರಹಗಳನ್ನು ಬದಲಿಸಲು ಬರುವ ಮಾದರಿಗಳು ಹೆಚ್ಚು. ಆದರೆ ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದಿರಬೇಕು. ಅದಕ್ಕಿಂತ ಹಳೆಯದನ್ನು, ಒಂದೆರಡು ಅಪವಾದ ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಈ ಕಾರಣಕ್ಕಾಗಿಯೇ ಏಳನೆಯ ಪೀಳಿಗೆಯ ಯಂತ್ರಗಳು ಈಗ ತೀರ ಅಗ್ಗವಾಗಿ ದೊರೆಯುತ್ತಿವೆ ಎಂಬುದನ್ನು ಮರೆಯಬಾರದು. ಬ್ಯಾಟರಿಯನ್ನು ಹೊಸದಾಗಿ ಹಾಕಿಸಬೇಕಾದೀತೆಂದು ಬೆಲೆಯಲ್ಲಿ ಸೇರಿಸಿಕೊಳ್ಳಬೇಕು. ಬಿಲ್ಲಿನಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸದಿದ್ದರೆ ಕ್ರೆಡಿಟ್ ದೊರೆಯದು.

ಕೊಳ್ಳುವ ದಿನ

ಕಂಪನಿ ಅಥವಾ ಎಲ್‌ಎಲ್‌ಪಿ ಆಗಿದ್ದರೆ ಜಿಎಸ್‌ಟಿ ರಿಟರ್ನಿಗೆ ಡಿಜಿಟಲ್ ಸಹಿ ಕಡ್ಡಾಯ. ಸರ್ಕಾರಿ ಟೆಂಡರುಗಳಲ್ಲಿ ಭಾಗವಹಿಸುವವರಿಗೂ ಅದು ಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಟೋಕನ್‌ಗಳು ಹಳೆಯ ಚೌಕ ಮಾದರಿಯ ಯುಎಸ್‌ಬಿಯವು. ಆ ಪೋರ್ಟ್ ಯಂತ್ರದಲ್ಲಿದೆಯೇ ನೋಡಬೇಕು. ಸ್ನಾಪ್‌ಡ್ರಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವವರಿದ್ದರೆ ತಮ್ಮ ಟೋಕನ್ ಮತ್ತು ಪ್ರಿಂಟರಿನ ಚಾಲಕ ತಂತ್ರಾಂಶ ಅದಕ್ಕೆ ಹೊಂದುತ್ತದೆಯೇ ಎಂದು ವಿಚಾರಿಸಿದ ಮೇಲೆಯೇ ಹಣ ಕೊಡಬೇಕು. ಸಾಧ್ಯವಾದರೆ ಟೋಕನ್ನನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಅಲ್ಲಿಯೇ ಚುಚ್ಚಿ ನೋಡುವುದು ಉತ್ತಮ.

ವಾರಂಟಿಯಲ್ಲಿ ಎರಡು ಬಗೆ: ಸೇವಾ ಸಿಬ್ಬಂದಿ ನಮ್ಮಲ್ಲಿಗೆ ಬರುವುದು, ನಾವು ಯಂತ್ರ ಹೊತ್ತು ಅವರಲ್ಲಿಗೆ ಹೋಗುವುದು. ಕಡೇಚೂರಿನಿಂದ ಯಂತ್ರವನ್ನು ಕಲಬುರಗಿಗೋ ರಾಯಚೂರಿಗೋ ಒಯ್ದು ಕೊಟ್ಟು, ಮತ್ತೆ ಹೋಗಿ ತರುವ ಎರಡು ದಿನಗಳ ಬೆಲೆಯನ್ನು ಮೇಲಿನ ಲೆಕ್ಕದಲ್ಲಿ ನಾನು ಸೇರಿಸಿಲ್ಲ. ಮೊದಲನೆಯ ಬಗೆಯದನ್ನೇ ಆರಿಸಿಕೊಳ್ಳಿ, ನಮ್ಮ ಪಿನ್ ಕೋಡಿಗೆ ಅದು ಲಭ್ಯವೇ ಎಂದು ಕೊಳ್ಳುವ ಮೊದಲೇ ಕೇಳಿ.

ಯಾವ ಯಂತ್ರವಾದರೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ದಿನದ ಕೊನೆಗೆ ಟ್ಯಾಲಿಯ ಪ್ರತಿಯನ್ನು ಬೇರೆಡೆ ತೆಗೆದಿಡುವುದು ಎಲ್ಲರಿಗೂ ಬೇಕು. ಕಂಪನಿಗಳಾಗಿದ್ದರೆ ಲೆಕ್ಕಪತ್ರಗಳ ಪ್ರತಿಯನ್ನು ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲಿ ಇಡುವುದು 2022ರ ತಿದ್ದುಪಡಿಯಿಂದ ಕಾನೂನಿನ ಅಗತ್ಯ. 2023ರ ಏಪ್ರಿಲ್ 1ರಿಂದ ತಿದ್ದುಪಡಿಯ ಜಾಡು ಉಳಿಸುವ ಲೆಕ್ಕ ತಂತ್ರಾಂಶವನ್ನೇ ಬಳಸಬೇಕು. ಕಡೇಚೂರಿನ ನಮ್ಮ ಕಕ್ಷಿದಾರರಿಗೆ ಆ ರಾತ್ರಿ ಕೈಹಿಡಿದದ್ದು ಹಿಂದಿನ ದಿನ ಪೆನ್ ಡ್ರೈವಿಗೆ ಇಳಿಸಿಟ್ಟಿದ್ದ ಪ್ರತಿ. ಪಕ್ಕದ ಘಟಕದವರ ಗಣಕಯಂತ್ರದಲ್ಲಿ ಕುಳಿತು ಬಿಲ್ಲು ಹುಟ್ಟಿಸಿದರು. ಆ ಲ್ಯಾಪ್‌ಟಾಪ್ ಈಗ ಅವರ ತೂಕದ ಮನೆಯಲ್ಲಿದೆ. ಗೇಟ್ ಪಾಸ್ ಬರೆಯಲು ಚೆನ್ನಾಗಿಯೇ ನಡೆಯುತ್ತಿದೆ.

ಬಿಲ್ಲು ಪಡೆಯುವಾಗ ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ ಮತ್ತು ಯಂತ್ರದ ಕ್ರಮಸಂಖ್ಯೆ ಮೂರೂ ಅದರಲ್ಲಿ ನಮೂದಾಗಿವೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿ. ಮನೆಯ ಮಗನ ಹೆಸರಿನಲ್ಲಿ ಆನ್‌ಲೈನ್ ತರಿಸಿದ ಯಂತ್ರದ ಬಿಲ್ಲನ್ನು ಮಾರ್ಚಿನಲ್ಲಿ ನಮ್ಮ ಮೇಜಿನ ಮೇಲೆ ಇಟ್ಟರೆ, ಅದರ ತೆರಿಗೆಯ ಕ್ರೆಡಿಟ್ಟನ್ನು ನಾವು ಕೊಡಿಸಲಾರೆವು.